ಯಾರ ಪೈಕಿ ಈ ಹುಡುಗ?

ಹುಮನಾಬಾದ್ ಸೀಮೆಯ ಜಾತ್ರೆಗಳಲ್ಲಿ ಕುಸ್ತಿ ಶುರುವಾಗುವುದು ಬಿಸಿಲು ಇಳಿಮುಖವಾದ ಮೇಲೆ. ಹದ ಮಾಡಿದ ಮಣ್ಣು, ಸುತ್ತ ಒತ್ತಿ ಕೂತ ಜನ, ನಡುನಡುವೆ ಹಲಗಿಯ ಬಡಿತ. ಸಣ್ಣ ಹುಡುಗರ ಜೋಡಿಗಳು ಮೊದಲು, ಬೆಳ್ಳಿ ಕಡಗದ ಕುಸ್ತಿ ಕಡೆಗೆ. ಹೊಸ ಹುಡುಗನೊಬ್ಬ ಲಂಗೋಟ ಬಿಗಿದು ಮಣ್ಣಿಗೆ ಇಳಿದನೋ ಇಲ್ಲವೋ, ಮುಂದಿನ ಸಾಲಿನ ಮುದುಕರಲ್ಲಿ ಒಬ್ಬರು ಪಕ್ಕದವರಿಗೆ ಕೇಳಿಯೇ ಕೇಳುತ್ತಾರೆ: ‘ಯಾರ ಪೈಕಿ ಹಾನ ಈ ಪೋರ?’

ನಮ್ಮ ಕಡೆ ಈ ‘ಪೈಕಿ’ ಎಂಬ ಒಂದು ಮಾತಿನಲ್ಲಿ ಎಷ್ಟೆಲ್ಲ ಅಡಗಿದೆ! ಯಾವ ಊರು, ಯಾವ ಓಣಿ, ಯಾವ ಜಾತಿ, ಅಜ್ಜ ಯಾರ ಹೊಲ ಮಾಡುತ್ತಿದ್ದ, ಸೋದರಮಾವನ ಮನೆ ಎಲ್ಲಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕೇಳಿದಂತೆ. ಆದರೆ ಅಖಾಡದಲ್ಲಿ ಮೈಕು ಹಿಡಿದವನು ಕೊಡುವ ಉತ್ತರ ಬೇರೆ. ಅವನು ಹುಡುಗನ ಹೆಸರು ಹೇಳುತ್ತಾನೆ, ಊರು ಹೇಳುತ್ತಾನೆ, ಆಮೇಲೆ ಇಂಥ ವಸ್ತಾದರ ಪಠ್ಠಾ, ಅಂದರೆ ಶಿಷ್ಯ, ಎನ್ನುತ್ತಾನೆ. ವಸ್ತಾದ ಮುಸಲ್ಮಾನ, ಪಠ್ಠಾ ಲಿಂಗಾಯತ ಆಗಿರಬಹುದು. ವಸ್ತಾದ ಮರಾಠ, ಪಠ್ಠಾ ದಲಿತ ಆಗಿರಬಹುದು. ಅಖಾಡದ ಮಟ್ಟಿಗೆ ಅದೇ ಅವನ ವಂಶ. ಹೆತ್ತ ಮನೆ ಒಂದು, ತಾಲೀಮಿನ ಮನೆ ಇನ್ನೊಂದು. ಮುದುಕರ ಪ್ರಶ್ನೆ ಮೊದಲ ಮನೆಯದು. ಮೈಕಿನ ಉತ್ತರ ಎರಡನೆಯ ಮನೆಯದು.

ನೂರಿಪ್ಪತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ರಗ್ಬಿ ಆಡಿದ ಒಬ್ಬ ಕಪ್ಪು ಹುಡುಗನ ಕತೆ ಓದುವಾಗ ನನಗೆ ಈ ಎರಡು ಮನೆಗಳ ನೆನಪೇ ಮತ್ತೆ ಮತ್ತೆ ಬಂತು. ಅವನ ಹೆಸರು ಜೇಮ್ಸ್ ಪೀಟರ್ಸ್. ಇಂಗ್ಲೆಂಡ್ ದೇಶದ ಪರವಾಗಿ ರಗ್ಬಿ ಆಡಿದ ಮೊದಲ ಕಪ್ಪು ವರ್ಣದ ಆಟಗಾರ. ಅವನನ್ನು ಓದುತ್ತ ಹೋದರೆ ದಾರಿ ನಮ್ಮ ಬೀದರಿನ ಗುಡ್ಡಕ್ಕೂ ಬಂತು, ಬಸವಕಲ್ಯಾಣದ ಗವಿಗೂ ಬಂತು, ಕಡೆಗೆ ಯಲ್ಲಾಪುರ–ಹಳಿಯಾಳದ ಕಾಡಿನೊಳಗೂ ಹೋಯಿತು.

ಸರ್ಕಸ್ಸಿನಲ್ಲಿ ಹುಟ್ಟಿದ ಕೂಸು

1879ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿಗೆ ಅಂಟಿಕೊಂಡಿರುವ ಸಾಲ್ಫರ್ಡ್ ಎಂಬ ಗಿರಣಿ ಊರಿನಲ್ಲಿ ಜೇಮ್ಸ್ ಹುಟ್ಟಿದ. ತಂದೆ ಜಾರ್ಜ್ ಪೀಟರ್ಸ್ ಜಮೈಕಾದವನು. ತಾಯಿ ಹನ್ನಾ ಗಫ್ ಶ್ರಾಪ್‌ಷೈರಿನ ವೆಮ್ ಎಂಬ ಸಣ್ಣ ಊರಿನ ಬಿಳಿಯ ಹೆಂಗಸು. ಜಮೈಕಾದ ಕಬ್ಬಿನ ಹೊಲಗಳಿಗೆ ಆಫ್ರಿಕಾದಿಂದ ಹಡಗು ತುಂಬಿ ತಂದ ಜನರಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಅಂದರೆ ಜಾರ್ಜನ ಹಿಂದಿನ ಒಂದೆರಡು ತಲೆಮಾರಿನ ಮೈಮೇಲೆ ಸಂಕೋಲೆಯ ಗುರುತು ಇನ್ನೂ ಇತ್ತು. ಜಾರ್ಜ್ ಇಂಗ್ಲೆಂಡಿಗೆ ಬಂದು ಹಿಡಿದ ಕಸುಬು ಸರ್ಕಸ್ಸಿನಲ್ಲಿ ಸಿಂಹ ಪಳಗಿಸುವುದು. ಒಂದು ದಿನ ಬೋನಿನೊಳಗೆ ಸಿಂಹವೇ ಅವನ ಮೇಲೆ ಬಿತ್ತು. ಮಗ ತಂದೆಯನ್ನು ಅರಿಯುವ ಮೊದಲೇ ತಂದೆ ಹೋಗಿಬಿಟ್ಟ.

ತಾಯಿಗೆ ಕೂಸನ್ನು ಸಾಕುವ ಶಕ್ತಿ ಇರಲಿಲ್ಲ. ಅವಳು ಅವನನ್ನು ಇನ್ನೊಂದು ಸರ್ಕಸ್ ಮೇಳಕ್ಕೆ ಒಪ್ಪಿಸಿದಳು. ಅಲ್ಲಿ ಹುಡುಗ ಜೀನು ಇಲ್ಲದ ಕುದುರೆಯ ಬೆನ್ನಮೇಲೆ ನಿಂತು ಕಸರತ್ತು ಮಾಡುವುದನ್ನು ಕಲಿತ. ಹನ್ನೊಂದನೆಯ ವಯಸ್ಸಿನಲ್ಲಿ ತೋಳು ಮುರಿಯಿತು. ತೋಳು ಮುರಿದ ಸವಾರ ಮೇಳಕ್ಕೆ ಭಾರ. ಅವರು ಅವನನ್ನು ಅಲ್ಲೇ ಬಿಟ್ಟು ಮುಂದಿನ ಊರಿಗೆ ಗಾಡಿ ಹೂಡಿದರು.

ಇಲ್ಲಿಗೆ ಅವನ ಹೆತ್ತ ಮನೆಯ ಕತೆ ಮುಗಿಯಿತು. ಮುಂದೆ ಪತ್ರಿಕೆಯವರು, ಪ್ರೇಕ್ಷಕರು, ಆಯ್ಕೆಗಾರರು ಅವನ ಬಗ್ಗೆ ಏನೇ ಮಾತಾಡಿದರೂ ಈ ಹನ್ನೊಂದು ವರ್ಷವನ್ನೇ ಕೆದಕಿದರು. ಆದರೆ ಅವನು ಆಟಗಾರನಾಗಿದ್ದು ಇದಾದ ಮೇಲೆ.

ಹುಡುಗನನ್ನು ಲಂಡನ್ನಿನ ಅನಾಥಾಲಯಕ್ಕೆ ಸೇರಿಸಲಾಯಿತು. ಫೆಗನ್ ಎಂಬ ಧರ್ಮಿಷ್ಠ ವ್ಯಕ್ತಿ ಬೀದಿ ಹುಡುಗರಿಗಾಗಿ ನಡೆಸುತ್ತಿದ್ದ ಮನೆ ಅದು, ಮೊದಲು ಸದರ್ಕಿನಲ್ಲಿ, ಆಮೇಲೆ ಗ್ರೀನಿಚ್ಚಿನಲ್ಲಿ. ಅಲ್ಲಿ ಹೊತ್ತಿಗೆ ಸರಿಯಾಗಿ ಊಟ, ಮಲಗಲು ಹಾಸಿಗೆ, ಕೈಗೊಂದು ಕಸುಬು, ಜೊತೆಗೆ ಆಟದ ಬಯಲು. ಜೇಮ್ಸ್ ಅಚ್ಚುಕೂಟದ ಕೆಲಸ ಕಲಿತ, ಬಡಗಿತನ ಕಲಿತ. ಓಟ, ಜಿಗಿತ, ಕ್ರಿಕೆಟ್, ರಗ್ಬಿ, ಯಾವ ಆಟಕ್ಕೆ ಇಳಿದರೂ ಗೆದ್ದು ಬಂದ, ಹುಡುಗರಿಗೆ ನಾಯಕನಾದ. ಕುದುರೆಯ ಬೆನ್ನಮೇಲೆ ಕಲಿತ ಮೈತೂಕ ಆ ಬಯಲಿನಲ್ಲಿ ಕೆಲಸಕ್ಕೆ ಬಂದಿರಬೇಕು. ನಮ್ಮ ಮೈಕಿನವನ ಭಾಷೆಯಲ್ಲಿ ಹೇಳುವುದಾದರೆ ಪೀಟರ್ಸ್ ಯಾರ ಪಠ್ಠಾ ಎಂದರೆ ಆ ಅನಾಥಾಲಯದ ಪಠ್ಠಾ.

1898ರಲ್ಲಿ ಅಚ್ಚುಕೂಟದ ಕೆಲಸ ಹಿಡಿದು ಬ್ರಿಸ್ಟಲ್ಲಿಗೆ ಹೋದ. ಮೊದಲು ನೋಲ್ ಎಂಬ ಸಣ್ಣ ಕ್ಲಬ್ಬು, 1900ರಲ್ಲಿ ಬ್ರಿಸ್ಟಲ್ಲಿನ ದೊಡ್ಡ ತಂಡ. ಅವನನ್ನು ಆರಿಸಿದ್ದಕ್ಕೆ ಕ್ಲಬ್ಬಿನ ಸಮಿತಿಯ ಸದಸ್ಯನೊಬ್ಬ ರಾಜೀನಾಮೆ ಕೊಟ್ಟ. ಬಿಳಿಯ ಹುಡುಗನೊಬ್ಬನ ಜಾಗ ಇವನು ತಿಂದ ಎಂಬ ಧಾಟಿಯಲ್ಲಿ ಪತ್ರಿಕೆಯ ಬರಹವೂ ಬಂತು. 1902ರಲ್ಲಿ ಅವನು ಪ್ಲಿಮತ್ ಬಂದರಿಗೆ ಸರಿದ. ಅಲ್ಲಿ ಬಡಗಿ ಕೆಲಸ, ಜೊತೆಗೆ ಪ್ಲಿಮತ್ ಕ್ಲಬ್ಬಿನ ಆಟ. ಬಂದರು ಊರಿನ ಜನಕ್ಕೆ ಎಲ್ಲ ಬಣ್ಣದ ಮುಖಗಳೂ ರೂಢಿ. ಅವರು ಇವನನ್ನು ತಮ್ಮವನನ್ನಾಗಿ ಮಾಡಿಕೊಂಡರು. ಡೆವನ್ ಪ್ರಾಂತದ ತಂಡಕ್ಕೆ ಆಡಿದ, 1906ರಲ್ಲಿ ಡೆವನ್ ಇಡೀ ದೇಶದ ಪ್ರಾಂತಗಳ ಪಂದ್ಯಾವಳಿ ಗೆದ್ದಿತು.

ಕರಗಿಸಿದ ರೂಪಾಯಿಗಳ ಬಟ್ಟಲು

ರಗ್ಬಿ ನೋಡದವರಿಗೆ ಎರಡು ಮಾತು. ಪ್ರತಿ ತಂಡದಲ್ಲಿ ಹದಿನೈದು ಜನ, ಮೊಟ್ಟೆಯಾಕಾರದ ಚೆಂಡು. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು, ಆದರೆ ಕೈಯಿಂದ ಜೊತೆಗಾರನಿಗೆ ಕೊಡುವಾಗ ಹಿಂದಕ್ಕೇ ಕೊಡಬೇಕು. ಎದುರಾಳಿಯ ಗಡಿಯಾಚೆ ನೆಲಕ್ಕೆ ಚೆಂಡು ತಾಗಿಸಿದರೆ ಅದು ‘ಟ್ರೈ’. ದಪ್ಪ ಮೈಯವರು ತಲೆಗೆ ತಲೆ ಕೊಟ್ಟು ನೂಕಾಡುವಾಗ ಅವರ ಕಾಲಡಿಯಿಂದ ಹೊರಬಂದ ಚೆಂಡು ತಲುಪುವುದು ಹಾಫ್-ಬ್ಯಾಕುಗಳ ಕೈಗೆ. ಒದೆಯಬೇಕೋ, ಓಡಬೇಕೋ, ಯಾರಿಗೆ ದಾಟಿಸಬೇಕೋ ಎಂದು ಕಣ್ಣೆವೆ ಹೊಡೆಯುವುದರೊಳಗೆ ತೀರ್ಮಾನ ಮಾಡುವವರು ಅವರು. ಕಬಡ್ಡಿಯಲ್ಲಿ ರೈಡಿಗೆ ಹೋದವನ ಚುರುಕು ಮತ್ತು ಮೂಲೆ ಕಾಯುವವನ ತಾಳ್ಮೆ ಒಬ್ಬನಲ್ಲೇ ಇರಬೇಕು. ಪೀಟರ್ಸ್ ನಿಲ್ಲುತ್ತಿದ್ದುದು ಆ ಜಾಗದಲ್ಲಿ. ಬಲ ಮಾತ್ರ ಬೇಕಾದ ಮೂಲೆಗೆ ಅವನನ್ನು ಯಾರೂ ನಿಲ್ಲಿಸಲಿಲ್ಲ ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ. ಕಪ್ಪು ಮೈಯವನಿಗೆ ಕಸುವು ಉಂಟು, ಬುದ್ಧಿ ಇಲ್ಲ ಎಂದು ಲೋಕ ನಂಬಿದ್ದ ಕಾಲದಲ್ಲಿ ತಂಡದ ತಲೆಯಾಗಿ ಆಡಿದವನು ಅವನು.

1906ರ ಮಾರ್ಚ್ 17. ಎಡಿನ್‌ಬರೋದ ಇನ್ವರ್ಲೀತ್ ಮೈದಾನ. ಸ್ಕಾಟ್ಲೆಂಡ್ ವಿರುದ್ಧ ಇಂಗ್ಲೆಂಡ್ 9–3ರಿಂದ ಗೆದ್ದಿತು. ಪೀಟರ್ಸನ ಮೊದಲ ಅಂತರರಾಷ್ಟ್ರೀಯ ಪಂದ್ಯ. ವರ್ಣದ ಕಾರಣಕ್ಕೆ ಈ ಆಯ್ಕೆ ಎಲ್ಲರಿಗೂ ಹಿಡಿಸಿಲ್ಲ ಎಂದು ಒಂದು ಪತ್ರಿಕೆ ಬರೆದರೆ, ಅವನು ಚೆಂಡು ದಾಟಿಸಿದ ರೀತಿ ಸೊಗಸಾಗಿತ್ತು ಎಂದು ಇನ್ನೊಂದು ಮೆಚ್ಚಿತು.

ಆ ದಿನ ಗೆದ್ದವರಿಗೆ ಸಿಕ್ಕ ಬಹುಮಾನಕ್ಕೂ ನಮ್ಮ ದೇಶಕ್ಕೂ ನಂಟಿದೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ಪಂದ್ಯದ ಬಟ್ಟಲಿಗೆ ಕಲ್ಕತ್ತಾ ಕಪ್ ಎಂದೇ ಹೆಸರು. ಕಲ್ಕತ್ತೆಯ ಬಿಳಿಯ ಸಿಪಾಯಿಗಳೂ ವ್ಯಾಪಾರಿಗಳೂ ಕಟ್ಟಿಕೊಂಡಿದ್ದ ರಗ್ಬಿ ಕ್ಲಬ್ಬು ನಾಲ್ಕೈದು ವರ್ಷದಲ್ಲೇ ಸೊರಗಿತು. ಬಂಗಾಳದ ಸೆಕೆಯಲ್ಲಿ ಆ ಆಟ ಊರಲಿಲ್ಲ. ಜನ ಪೋಲೊ, ಟೆನಿಸ್ ಕಡೆ ಹೊರಳಿದರು. 1878ರಲ್ಲಿ ಕ್ಲಬ್ಬು ಮುಚ್ಚುವಾಗ ಬ್ಯಾಂಕಿನಲ್ಲಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಲ್ಲಿ ಎಣಿಸಿ ತಂದು, ಕರಗಿಸಿ, ಬಟ್ಟಲು ಮಾಡಿಸಿದರು. ಮೂರು ಹಿಡಿಕೆ, ಮೂರೂ ಹೆಡೆಯೆತ್ತಿದ ನಾಗರ. ಮುಚ್ಚಳದ ಮೇಲೆ ಆನೆ. 1879ರಿಂದ ಅದು ಎರಡು ದೇಶಗಳ ನಡುವೆ ಕೈ ಬದಲಾಯಿಸುತ್ತ ಬಂದಿದೆ. ಪೀಟರ್ಸ್ ಹುಟ್ಟಿದ್ದೂ ಅದೇ ವರ್ಷ. ನಮ್ಮ ರೈತ ಕಂದಾಯ ಕಟ್ಟಿದ ರೂಪಾಯಿ, ಜಮೈಕಾದ ಗುಲಾಮರ ವಂಶದ ಹುಡುಗ, ಸ್ಕಾಟ್ಲೆಂಡಿನ ಹುಲ್ಲು, ಮೂರೂ ಒಂದು ಮಧ್ಯಾಹ್ನ ಒಟ್ಟಿಗೆ ಸೇರಿದವು. ಅವೆಲ್ಲವನ್ನೂ ಅಲ್ಲಿಗೆ ಎಳೆದು ತಂದದ್ದು ಒಂದೇ ಸಾಮ್ರಾಜ್ಯ.

ಐದು ದಿನ ಬಿಟ್ಟು ಪ್ಯಾರಿಸ್ಸಿನಲ್ಲಿ ಫ್ರಾನ್ಸ್ ಎದುರು ಇಂಗ್ಲೆಂಡ್ ಆಡಿತು. ಆ ಎರಡು ದೇಶಗಳ ನಡುವಿನ ಮೊಟ್ಟಮೊದಲ ಪಂದ್ಯ ಅದು. ಇಂಗ್ಲೆಂಡ್ 35–8ರಿಂದ ಗೆದ್ದಿತು. ಪೀಟರ್ಸ್ ಅಲ್ಲಿಯೂ ಇದ್ದ.

ಆಮೇಲೆ ಬಂತು ಆ ವರ್ಷದ ಅಕ್ಟೋಬರ್. ದಕ್ಷಿಣ ಆಫ್ರಿಕಾದ ತಂಡ ಮೊದಲ ಬಾರಿಗೆ ಬ್ರಿಟನ್ ಪ್ರವಾಸಕ್ಕೆ ಬಂದಿತ್ತು. ಡೆವನ್ ವಿರುದ್ಧದ ಪಂದ್ಯ. ಮೈದಾನದ ಸುತ್ತ ಸಾವಿರಾರು ಜನ ಕಾದು ನಿಂತಿದ್ದಾರೆ. ಎದುರು ತಂಡದಲ್ಲಿ ಪೀಟರ್ಸನನ್ನು ಕಂಡ ಕೂಡಲೇ ಪ್ರವಾಸಿಗಳು ಮೈದಾನಕ್ಕೆ ಇಳಿಯುವುದಿಲ್ಲವೆಂದು ಕೋಣೆಯಲ್ಲೇ ಕೂತರು. ಕಪ್ಪು ಮನುಷ್ಯನ ಜೊತೆ ಆಡಲಾರೆವು ಎಂಬುದು ಅವರ ಮಾತು. ಅವರ ದೇಶದ ಹೈಕಮಿಷನರ್ ಒಳಗೆ ಹೋಗಿ, ಹೊರಗೆ ಸೇರಿದ ಜನ ಸುಮ್ಮನಿರಲಾರರು ಎಂದು ತಿಳಿಹೇಳಿ, ಕಷ್ಟಪಟ್ಟು ಒಪ್ಪಿಸಿದ. ಪಂದ್ಯ ನಡೆಯಿತು.

ಆದರೆ ಅದರ ಬೆಲೆಯನ್ನು ಡಿಸೆಂಬರಿನಲ್ಲಿ ಪೀಟರ್ಸನೇ ತೆತ್ತ. ಲಂಡನ್ನಿನಲ್ಲಿ ಇಂಗ್ಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಎದುರುಬದುರಾದಾಗ ಇಂಗ್ಲೆಂಡ್ ತಂಡದಲ್ಲಿ ಅವನ ಹೆಸರಿರಲಿಲ್ಲ. ಪಂದ್ಯ 3–3ರಲ್ಲಿ ಸಮವಾಯಿತು. ಕೋಣೆಯಲ್ಲಿ ಮುನಿಸಿಕೊಂಡು ಕೂತವರಿಗಿಂತ ತನ್ನದೇ ಆಟಗಾರನನ್ನು ಸದ್ದಿಲ್ಲದೆ ಕೈಬಿಟ್ಟ ಇಂಗ್ಲೆಂಡಿನ ಆಯ್ಕೆ ಸಮಿತಿಯೇ ನನಗೆ ಹೆಚ್ಚು ತಪ್ಪಿತಸ್ಥ ಎನಿಸುತ್ತದೆ. ಅವರು ಕೂಗಾಡಿ ಹೇಳಿದ್ದನ್ನು ಇವರು ಕಾಗದದ ಮೇಲೆ ಮೆಲ್ಲಗೆ ನಡೆಸಿಕೊಟ್ಟರು.

1907ರಲ್ಲಿ ಮತ್ತೆ ಎರಡು ಪಂದ್ಯಕ್ಕೆ ಕರೆ ಬಂತು. ಐದನೆಯ ಪಂದ್ಯ, ಅದೇ ಕೊನೆಯದು, 1908ರ ಜನವರಿಯಲ್ಲಿ ವೇಲ್ಸ್ ವಿರುದ್ಧ ಬ್ರಿಸ್ಟಲ್ಲಿನಲ್ಲಿ. ಎಂಟು ವರ್ಷದ ಹಿಂದೆ ಅವನ ಆಯ್ಕೆಗೆ ರಾಜೀನಾಮೆ ಬಿದ್ದಿದ್ದ ಅದೇ ಊರು. ಆ ದಿನ ಮೈದಾನದ ಮೇಲೆ ಎಂಥ ಮಂಜು ಕವಿಯಿತೆಂದರೆ ಸುತ್ತ ನಿಂತವರಿಗೆ ಏನೂ ಕಾಣಲಿಲ್ಲ. ಚೆಂಡು ಯಾರ ಕೈಲಿದೆ, ಟ್ರೈ ಹಾಕಿದವರು ಯಾರು ಎಂದು ಬಾಯಿಂದ ಬಾಯಿಗೆ ಕೇಳಿ ತಿಳಿಯಬೇಕಾಯಿತು. ವೇಲ್ಸ್ 28–18ರಿಂದ ಗೆದ್ದಿತು. ಸಾವಿರಾರು ಕಣ್ಣುಗಳ ನಡುವೆ ಆಡುತ್ತ ಬಂದ ಪೀಟರ್ಸನ ಬಣ್ಣ ಯಾರಿಗೂ ಕಾಣದ ಒಂದೇ ಒಂದು ಮಧ್ಯಾಹ್ನ ಅದು. ಆ ಎಂಬತ್ತು ನಿಮಿಷ ಅವನಿಗೆ ಹೇಗನ್ನಿಸಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

1910ರಲ್ಲಿ ಹಡಗುಕಟ್ಟೆಯ ಕೆಲಸದಲ್ಲಿ ಅಪಘಾತವಾಗಿ ಮೂರು ಬೆರಳು ಹೋದವು. ಚೆಂಡು ಹಿಡಿಯುವ ಕೈ ಅದು. ಆದರೂ ಆಟ ಬಿಡಲಿಲ್ಲ. 1912ರಲ್ಲಿ ಕ್ಲಬ್ಬಿನವರು ಅವನ ಸಹಾಯಕ್ಕೆಂದು ಪಂದ್ಯ ಏರ್ಪಡಿಸಿದರು. ಆಟದಿಂದ ದುಡ್ಡು ಮುಟ್ಟಬಾರದು ಎಂಬುದು ಅಂದಿನ ರಗ್ಬಿ ಒಕ್ಕೂಟದ ನಿಯಮ. ಅವನ ಮೇಲೆ ನಿಷೇಧ ಬಿತ್ತು. ಉಣ್ಣುವುದಕ್ಕೆ ತೊಂದರೆ ಇಲ್ಲದವರು ಬರೆದ ನಿಯಮ, ಮೂರು ಬೆರಳಿಲ್ಲದ ಬಡಗಿಯ ಮೇಲೆ. ಅವನು ಉತ್ತರದ ಕಡೆ, ಆಟಗಾರರಿಗೆ ಸಂಬಳ ಕೊಡುವ ರಗ್ಬಿ ಲೀಗಿಗೆ ಹೋದ. ಬ್ಯಾರೋ, ಸೇಂಟ್ ಹೆಲೆನ್ಸ್ ತಂಡಗಳಲ್ಲಿ ಆಡಿದ. ಆಗ ಅವನಿಗೆ ಮೂವತ್ತನಾಲ್ಕು ದಾಟಿತ್ತು. 1954ರಲ್ಲಿ ತೀರಿಕೊಂಡ. ಇಂಗ್ಲೆಂಡಿನ ಬಿಳಿ ಅಂಗಿ ಇನ್ನೊಬ್ಬ ಕಪ್ಪು ಆಟಗಾರನ ಮೈಮೇಲೆ ಬಂದದ್ದು ಕ್ರಿಸ್ ಓಟಿಯ ಕಾಲಕ್ಕೆ, 1988ರಲ್ಲಿ. ನಡುವೆ ಎಂಬತ್ತು ವರ್ಷ. ಡೆವನ್ನಿನಲ್ಲಿ ಮುಖ ತಿರುಗಿಸಿದ ದಕ್ಷಿಣ ಆಫ್ರಿಕಾ ತನ್ನ ತಂಡಕ್ಕೆ ಮೊದಲ ಕಪ್ಪು ಆಟಗಾರ ಎರಲ್ ಟೋಬಿಯಾಸನನ್ನು ತೆಗೆದುಕೊಂಡದ್ದು 1981ರಲ್ಲಿ. 2019 ಮತ್ತು 2023ರಲ್ಲಿ ಅದೇ ದೇಶಕ್ಕೆ ವಿಶ್ವಕಪ್ ಎತ್ತಿಕೊಟ್ಟ ನಾಯಕ ಸಿಯಾ ಕೊಲಿಸಿ ಕಪ್ಪು ಬಡಾವಣೆಯಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದವನು.

ಗುಡ್ಡದ ಮೇಲಿನ ಗೋರಿಗಳು

ಇದೆಲ್ಲ ದೂರದ ಕತೆ ಎನ್ನುವವರು ಬೀದರಿಗೆ ಹೋದಾಗ ಊರಂಚಿನ ಹಬ್ಶಿ ಕೋಟ್ ಗುಡ್ಡವನ್ನೊಮ್ಮೆ ನೋಡಬೇಕು. ಅಬಿಸೀನಿಯಾ, ಅಂದರೆ ಇಂದಿನ ಇಥಿಯೋಪಿಯಾದ ಕಡೆಯಿಂದ ಬಂದವರಿಗೆ ಅರಬರು ಇಟ್ಟ ಹೆಸರು ಹಬ್ಶಿ. ಬಹಮನಿ ಸುಲ್ತಾನರ ಕಾಲದ ಹಬ್ಶಿ ಸರದಾರರ ಗೋರಿಗಳು ಆ ಗುಡ್ಡದ ಮೇಲಿವೆ. ರಾಜಧಾನಿ ಕಲಬುರಗಿಯಿಂದ ಬೀದರಿಗೆ ಬಂದ ಮೇಲೆ, ಹದಿನೈದನೆಯ ಶತಮಾನದುದ್ದಕ್ಕೂ, ಈ ಮಣ್ಣಿನ ರಾಜಕಾರಣದಲ್ಲಿ ಹಬ್ಶಿಗಳು ದೊಡ್ಡ ಪಾಲುದಾರರು. ಪರ್ಷಿಯಾ ಕಡೆಯಿಂದ ಬಂದ ಅಫಾಕಿಗಳು ಒಂದು ಬಣ, ಇಲ್ಲಿಯೇ ನೆಲೆಸಿದ ದಖನಿಗಳು ಇನ್ನೊಂದು ಬಣ. ಹಬ್ಶಿಗಳು ನಿಂತದ್ದು ದಖನಿಗಳ ಕಡೆಗೆ. ಕಲಬುರಗಿಯನ್ನು ಆಳುತ್ತಿದ್ದ ದಸ್ತೂರ್ ದೀನಾರ್ ಹಬ್ಶಿ. ಬಹಮನಿ ರಾಜ್ಯ ಹರಿದು ಹಂಚಿಹೋಗುವ ಹೊತ್ತಿನಲ್ಲಿ ತನ್ನ ಸೀಮೆಯನ್ನು ಕಾಯಲು ಹೋಗಿ 1504ರಲ್ಲಿ ಬಿಜಾಪುರದ ಯೂಸುಫ್ ಆದಿಲ್ ಖಾನನ ಸೈನ್ಯದ ಕೈಯಲ್ಲಿ ಸತ್ತ.

ಈ ಹೆಸರುಗಳನ್ನು ನಿಧಾನವಾಗಿ ಓದಿ ನೋಡಿ. ದೀನಾರ್ ಎಂದರೆ ನಾಣ್ಯ. ಜೌಹರ್ ಎಂದರೆ ರತ್ನ. ಯಾಕೂತ್ ಎಂದರೆ ಮಾಣಿಕ್ಯ. ಅಂಬರ್ ಎಂದರೆ ತಿಮಿಂಗಿಲದಿಂದ ಸಿಗುವ ಪರಿಮಳದ್ರವ್ಯ. ಒಂದಾದರೂ ಹೆತ್ತವರು ತೊಟ್ಟಿಲಲ್ಲಿ ಇಟ್ಟ ಹೆಸರಲ್ಲ. ಸಂತೆಯಲ್ಲಿ ಕೊಂಡವನು ಕೊಂಡ ವಸ್ತುವಿಗೆ ಇಟ್ಟ ಹೆಸರು. ದಖನಿನ ಇತಿಹಾಸದಲ್ಲಿ ಎಲ್ಲರಿಗೂ ಗೊತ್ತಿರುವ ಮಲಿಕ್ ಅಂಬರ್ 1548ರ ಸುಮಾರಿಗೆ ಇಥಿಯೋಪಿಯಾದಲ್ಲಿ ಹುಟ್ಟಿದಾಗ ಚಾಪು ಆಗಿದ್ದ. ಸಂತೆಯಿಂದ ಸಂತೆಗೆ ಮಾರಾಟವಾಗುತ್ತ, ಬಾಗ್ದಾದಿನ ವ್ಯಾಪಾರಿಯ ಕೈಯಲ್ಲಿ ಅಂಬರ್ ಆದ. ಅಹಮದ್‌ನಗರದ ನಿಜಾಮಶಾಹಿಯ ಪೇಶ್ವೆಯೊಬ್ಬ, ತಾನೂ ಒಂದು ಕಾಲಕ್ಕೆ ಗುಲಾಮನಾಗಿದ್ದ ಹಬ್ಶಿ, ಅವನನ್ನು ಕೊಂಡು ಕತ್ತಿ, ಕುದುರೆ, ಲೆಕ್ಕಪತ್ರ, ರಾಜ್ಯಭಾರ ಎಲ್ಲವನ್ನೂ ಕಲಿಸಿದ. ಮುಂದೆ ಆ ರಾಜ್ಯವನ್ನೇ ನಡೆಸಿದ ಅಂಬರ್ 1626ರಲ್ಲಿ ಸಾಯುವವರೆಗೆ ದಖನಿನಲ್ಲಿ ಮೊಗಲರಿಗೆ ಎದುರು ನಿಂತು ಕಾದಾಡಿದ. ಇಲ್ಲಿಯೂ ಅದೇ: ಹೆತ್ತ ಮನೆ ಕಳೆದುಹೋಗಿದೆ, ಕಲಿಸಿದ ಮನೆ ಉಳಿದಿದೆ. ಆದರೆ ಚಾಪುವಿನ ತಾಯಿ ಅವನನ್ನು ಏನೆಂದು ಕರೆಯುತ್ತಿದ್ದಳು, ಅವನಿಗೆ ಅವಳ ದನಿ ನೆನಪಿತ್ತೇ? ಅಂಥ ನಷ್ಟವನ್ನು ಯಾವ ಪೇಶ್ವೆ ಪದವಿಯೂ ತುಂಬಿಕೊಡಲಾರದು.

ಬೀದರಿನಿಂದ ಹುಮನಾಬಾದ್ ದಾಟಿ ಬಸವಕಲ್ಯಾಣಕ್ಕೆ ಬಂದರೆ ‘ಯಾರ ಪೈಕಿ’ ಎಂಬ ಪ್ರಶ್ನೆಗೆ ರಕ್ತ ಹರಿದ ಊರು ಸಿಗುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಹುಟ್ಟನ್ನು ಕೇಳಬಾರದು ಎಂದರು. ಚಮ್ಮಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಅದಕ್ಕೆ ಬೀಗರಿಬ್ಬರಿಗೂ ಆದ ಶಿಕ್ಷೆ ಎಳೆಹೂಟೆ. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದರೆಂದು ಪರಂಪರೆ ಹೇಳುತ್ತದೆ. ಹರಳಯ್ಯನ ಗವಿ ಇವತ್ತಿಗೂ ಊರಲ್ಲಿದೆ. ಗವಿಯೊಳಗೆ ತಂಪು; ಹೊರಗೆ ಬಂದರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ.

ಇದೇ ಕಲ್ಯಾಣದಲ್ಲಿ, ಶರಣರಿಗಿಂತ ಒಂದು ತಲೆಮಾರು ಹಿಂದೆ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. 1130ರ ಆಸುಪಾಸಿನ ಈ ಗ್ರಂಥದಲ್ಲಿ ಆಟಗಳಿಗೇ ಬೇರೆ ಭಾಗವಿದೆ. ಕುದುರೆ ಏರಿದ ಎರಡು ಪಂಗಡಗಳು ಬಾಗಿದ ಕೋಲಿನಿಂದ ಚೆಂಡನ್ನು ಹೊಡೆದು ಎದುರಾಳಿಯ ತೋರಣ ದಾಟಿಸುವ ಆಟದ ವಿವರ ಅಲ್ಲಿದೆ. ಇನ್ನೊಂದು ಕಡೆ ಮಲ್ಲರ ಪ್ರಕರಣ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ದರ್ಜೆ ಮಾಡಬೇಕು, ಅವರಿಗೆ ಅರಮನೆಯಿಂದ ಇಂಥಿಂಥ ಆಹಾರ ಕೊಡಬೇಕು, ದಿನದಿನದ ಸಾಧನೆ ಹೀಗಿರಬೇಕು ಎಂದೆಲ್ಲ ದೊರೆ ಕೂತು ಬರೆದಿದ್ದಾನೆ. ಅವನ ಕಾಲಕ್ಕೇ ಈ ಅರಿವು ಇತ್ತು: ಮಲ್ಲನನ್ನು ಸಾಕಬೇಕಾಗುತ್ತದೆ, ಕಾಯಬೇಕಾಗುತ್ತದೆ, ವರ್ಷಗಟ್ಟಲೆ.

ಆರು ವರ್ಷದ ತಾಲೀಮು

ಎಂಟುನೂರೈವತ್ತು ವರ್ಷ ಕಳೆದ ಮೇಲೆ ಇದೇ ರಾಜ್ಯದಲ್ಲಿ ಸರ್ಕಾರ ಆಟಗಾರರನ್ನು ಹುಡುಕಿಕೊಂಡು ಹೊರಟಿತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಾಡಿನ ಅಂಚಿನಲ್ಲಿ, ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಗಳ ಕೆಲವೆಡೆ ಸಿದ್ದಿಗಳು ಇದ್ದಾರೆ. ರಾಜ್ಯದಲ್ಲಿ ಹತ್ತು ಸಾವಿರದ ಆಚೀಚೆ ಜನ. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವೆಗೆ ತಂದ ಗುಲಾಮರಲ್ಲಿ ಘಟ್ಟ ಹತ್ತಿ ತಪ್ಪಿಸಿಕೊಂಡು ಬಂದವರ ಸಂತತಿ ಎಂಬುದು ಅವರಲ್ಲಿ ಬಹುಪಾಲು ಜನರ ಮೂಲದ ಬಗ್ಗೆ ಇರುವ ತಿಳಿವಳಿಕೆ. ಬೀದರಿನ ಹಬ್ಶಿ ಸರದಾರರಿಗೆ ಗುಡ್ಡದ ಮೇಲೆ ಗೋರಿ ಸಿಕ್ಕಿತು. ಇವರಿಗೆ ಸಿಕ್ಕಿದ್ದು ಕಾಡು ಮತ್ತು ಜಮೀನ್ದಾರರ ಮನೆಯ ದುಡಿಮೆ. ಅವರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಮೂವರೂ ಇದ್ದಾರೆ. ಕನ್ನಡ, ಕೊಂಕಣಿ ಮಾತಾಡುತ್ತಾರೆ. ಹಳೆ ಬಟ್ಟೆಯ ತುಂಡು ಜೋಡಿಸಿ ಸಿದ್ದಿ ಹೆಂಗಸರು ಹೊಲಿಯುವ ಕವದಿ ಈಗ ದೇಶದಾಚೆಗೂ ಹೋಗುತ್ತದೆ. ನಮ್ಮ ಬಸ್ಸಿನಲ್ಲಿ ಸಿದ್ದಿ ಹುಡುಗನೊಬ್ಬ ಹತ್ತಿದರೆ ಈಗಲೂ ಜನ ಇಂಗ್ಲಿಷಿನಲ್ಲಿ ಮಾತಾಡಿಸಿ ಯಾವ ದೇಶ ಎಂದು ಕೇಳುತ್ತಾರೆ. ಅವನು ಅಚ್ಚಕನ್ನಡದಲ್ಲಿ ಹಳಿಯಾಳ ಎಂದು ಉತ್ತರ ಕೊಟ್ಟರೂ ನಂಬದವರುಂಟು.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಕ್ರೀಡಾ ಯೋಜನೆ ಸಿದ್ದಿಗಳ ಹಾಡಿಗಳಿಗೆ ಬಂತು. ಆಗ ಕೇಂದ್ರದಲ್ಲಿ ಕ್ರೀಡೆಯ ರಾಜ್ಯ ಸಚಿವೆಯಾಗಿದ್ದವರು ಮಾರ್ಗರೆಟ್ ಆಳ್ವ. ಒಲಿಂಪಿಕ್ಸಿನಲ್ಲಿ ಆಫ್ರಿಕಾ ಮೂಲದ ಓಟಗಾರರು ಪದಕ ಬಾಚುತ್ತಾರೆ, ನಮ್ಮಲ್ಲಿಯೂ ಆ ರಕ್ತದವರು ಇದ್ದಾರಲ್ಲ ಎಂಬುದು ಯೋಜನೆಯ ಹಿಂದಿನ ಆಸೆ. ಹುಡುಗ ಹುಡುಗಿಯರನ್ನು ಓಡಿಸಿ, ಜಿಗಿಸಿ, ಆರಿಸಿ, ತರಬೇತಿ ಕೇಂದ್ರಗಳಿಗೆ ಕರೆದೊಯ್ದರು. ಗುಜರಾತಿನ ಗಿರ್ ಕಾಡಿನ ಸಿದ್ದಿ ಮಕ್ಕಳೂ ಬಂದರು. ಹೊಟ್ಟೆ ತುಂಬ ಊಟ, ಬೂಟು, ಶಾಲೆ, ಕೋಚು. ಕೆಲವೇ ವರ್ಷದಲ್ಲಿ ಕಮಲಾ ಸಿದ್ದಿ, ಫಿಲಿಪ್ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಅವರಂಥವರು ರಾಷ್ಟ್ರಮಟ್ಟದ ಅಥ್ಲೆಟಿಕ್ಸಿನಲ್ಲಿ ಹೆಸರು ಮಾಡಿದರು. 1993ರಲ್ಲಿ ಸಿದ್ದಿಗಳ ಪಾಲಿನ ಯೋಜನೆ ನಿಂತುಹೋಯಿತು. ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿ ಸಿಕ್ಕ ಕೆಲವರು ಬದುಕಿಕೊಂಡರು. ಉಳಿದವರು ಅರ್ಧ ಕಲಿತ ಓಟವನ್ನು ಕಾಲಲ್ಲಿ ಇಟ್ಟುಕೊಂಡು ಕಾಡಿಗೆ, ಕೂಲಿಗೆ ಮರಳಿದರು.

ಈ ಯೋಜನೆಯ ಬಗ್ಗೆ ನನಗೆ ಎರಡು ಮನಸ್ಸು. ಯಾರೂ ತಿರುಗಿ ನೋಡದ ಹಾಡಿಗೆ ಬಂದು ಮಕ್ಕಳನ್ನು ಕರೆದದ್ದು ದೊಡ್ಡ ಕೆಲಸ. ಅದನ್ನು ಸಣ್ಣದು ಮಾಡಲಾರೆ. ಆದರೆ ಅವರನ್ನು ಕರೆದ ಕಾರಣ? ಅಲ್ಲಿಯೂ ಕೇಳಿದ್ದು ‘ಯಾರ ಪೈಕಿ’ ಎಂದೇ. 1906ರಲ್ಲಿ ರಕ್ತದ ಹೆಸರಿನಲ್ಲಿ ಪೀಟರ್ಸನನ್ನು ಹೊರಗಿಟ್ಟರು. 1987ರಲ್ಲಿ ರಕ್ತದ ಹೆಸರಿನಲ್ಲಿಯೇ ಸಿದ್ದಿಗಳನ್ನು ಒಳಗೆ ಕರೆದರು. ಆಫ್ರಿಕಾ ಎಂಬುದು ಒಂದು ಊರಲ್ಲ. ದೂರದ ಓಟಕ್ಕೆ ಹೆಸರಾದ ಕೀನ್ಯದ ಎತ್ತರದ ಬಯಲಿನ ಜನ ಬೇರೆ, ಮೊಜಾಂಬಿಕ್ ಕರಾವಳಿಯ ಜನ ಬೇರೆ. ಅದೂ ನಾಲ್ಕುನೂರು ವರ್ಷದ ಹಿಂದೆ ಬಂದವರ ಮಕ್ಕಳ ಮಕ್ಕಳು. ರಕ್ತದಲ್ಲಿ ಪದಕ ಇದೆ ಎಂದು ನಂಬಿ ಬಂದವರಿಗೆ ಪದಕ ಬೇಗ ಬರಬೇಕು. ಬೇಗ ಬರದಿದ್ದರೆ ಬೇಸರ. ಅನಾಥಾಲಯ ಪೀಟರ್ಸನಿಂದ ಪದಕ ಕೇಳಿರಲಿಲ್ಲ. ಮೊದಲು ಕೈಗೆ ಕಸುಬು ಕೊಟ್ಟಿತು. ಆಟ ಅದರ ಜೊತೆಗೆ ಬೆಳೆಯಿತು. ಬ್ರಿಸ್ಟಲ್ ಮುನಿದಾಗ ಪ್ಲಿಮತ್ತಿಗೆ ಹೋಗಿ ಉಣ್ಣಲು ಅವನಿಗೆ ಬಡಗಿತನ ಇತ್ತು.

ಅದೇ 1987ರಲ್ಲಿ, ಅದೇ ಯೋಜನೆಯಡಿ, ರಾಜಸ್ಥಾನದ ಆದಿವಾಸಿ ಹುಡುಗ ಲಿಂಬಾ ರಾಮ್ ಕೂಡ ಆಯ್ಕೆಯಾಗಿದ್ದ. ಅವನು ಬಿಲ್ಲುಗಾರನಾಗಿ 1988, 1992, 1996, ಮೂರು ಒಲಿಂಪಿಕ್ಸ್ ಆಡಿದ. ಅವನಲ್ಲಿ ಆಯ್ಕೆಗಾರರು ಕಂಡದ್ದು ಬೇಟೆಯಲ್ಲಿ ಪಳಗಿದ ಕೈಯನ್ನು. ಸಿದ್ದಿ ಮಕ್ಕಳಲ್ಲಿ ಹುಡುಕಿದ್ದು ಅವರು ಎಂದೂ ನೋಡದ ಖಂಡವೊಂದನ್ನು. ಮರ ಹತ್ತುವ, ಜೇನು ಕೀಳುವ, ಘಟ್ಟದ ಏರು ಹತ್ತಿ ಶಾಲೆಗೆ ಹೋಗುವ ಅವರ ಈಗಿನ ಬದುಕಿನಲ್ಲಿ ಏನಿದೆ ಎಂದು ಕೇಳಿದ್ದರೆ ಉತ್ತರ ಬೇರೆಯಾಗಿರುತ್ತಿತ್ತು.

ಕಾಲ ಪೂರ್ತಿ ನಿಂತಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು; ಆ ಸಮುದಾಯದಿಂದ ಶಾಸನಸಭೆಗೆ ಬಂದ ಮೊದಲಿಗರು ಅವರೇ. ಇತ್ತೀಚಿನ ವರ್ಷಗಳಲ್ಲಿ ಖಾಸಗಿ ಸಂಸ್ಥೆಗಳು ಮತ್ತೆ ಸಿದ್ದಿ ಮಕ್ಕಳಿಗೆ ಓಟ ಕಲಿಸಲು ಮುಂದೆ ಬಂದಿವೆ.

ನನ್ನ ಕಣ್ಣು ಮಾತ್ರ ಹಳಿಯಾಳದ ಮೇಲಿದೆ. ಹಳಿಯಾಳ ಹಿಂದಿನಿಂದಲೂ ಕುಸ್ತಿಯ ಊರು. ಅಲ್ಲಿನ ಮಣ್ಣಿನಲ್ಲೂ ಮ್ಯಾಟಿನ ಮೇಲೂ ಈಗ ಸಿದ್ದಿ ಹೆಣ್ಣುಮಕ್ಕಳು ಇಳಿದಿದ್ದಾರೆ; ಸುತ್ತಲಿನ ಹಳ್ಳಿಗಳ ಮರಾಠ, ಲಿಂಗಾಯತ ಹುಡುಗಿಯರ ಜೊತೆ ಒಂದೇ ತಾಲೀಮಿನಲ್ಲಿ ಬೈಠಕ್ ಹೊಡೆದು, ರಾಜ್ಯ, ರಾಷ್ಟ್ರ ಮಟ್ಟದ ಪಂದ್ಯಗಳಿಂದ ಪದಕ ತರುತ್ತಿದ್ದಾರೆ. ಕುಸ್ತಿಗೆ ಅವರನ್ನು ತಂದದ್ದು ಯಾರ ಆಫ್ರಿಕಾದ ಕನಸೂ ಅಲ್ಲ. ಊರಲ್ಲಿ ಅಖಾಡ ಇತ್ತು, ಕಲಿಸುವವರು ಇದ್ದರು, ಇವರು ಹೋದರು. ಮುಂದೆ ಯಾವುದಾದರೂ ವರ್ಷ ನಮ್ಮ ಸೀಮೆಯ ಜಾತ್ರೆಗೆ ಅವರಲ್ಲೊಬ್ಬಳು ಬಂದಾಳು. ಮುಂದಿನ ಸಾಲಿನ ಅಜ್ಜ ತನ್ನ ಹಳೆಯ ಪ್ರಶ್ನೆ ಕೇಳಿಯೇ ಕೇಳುತ್ತಾನೆ. ಮೈಕಿನವನು ಅವಳ ಹೆಸರು ಹೇಳಿ, ಹಳಿಯಾಳ ಎನ್ನುತ್ತಾನೆ, ವಸ್ತಾದರ ಹೆಸರು ಕೂಗುತ್ತಾನೆ. ಆಮೇಲೆ ಹಲಗಿ ಶುರುವಾಗುತ್ತದೆ.